ಗೋಡೆಗೆ ಅಂಟಿಕೊಳ್ಳದ ಆಟಗಾರ: ಟೂಡಿ ಎಂಜಿನ್ ಟಿಪ್ಪಣಿ

ಗೇಮ್ ಎಂಜಿನ್ ಅಂದರೆ ಹೆಸರು ದೊಡ್ಡದು, ಒಳಗಿರುವುದು ಒಂದು ಲೂಪ್. ಯಾವ ಕೀ ಒತ್ತಿದೆ ನೋಡು, ಎಲ್ಲವನ್ನೂ ಸ್ವಲ್ಪ ಸರಿಸು, ತೆರೆ ಮೇಲೆ ಬರೆ, ಮತ್ತೆ ಮೊದಲಿಂದ. ಪೈಥಾನ್‌ನ ಗೇಮ್ ಲೈಬ್ರರಿ ಪೈಗೇಮ್‌ನಲ್ಲಿ ವಿಂಡೋ ತೆರೆಯೋದು, ಚಿತ್ರ ತೋರಿಸೋದು ಒಂದು ಸಂಜೆಯಲ್ಲಿ ಬರುತ್ತದೆ, ಅದನ್ನು ಬಿಟ್ಟಿದ್ದೇನೆ. ಎಕ್ಸ್ ಅಂದರೆ ಅಡ್ಡ ಜಾಗ, ವೈ ಅಂದರೆ ಮೇಲೆ-ಕೆಳಗಿನ ಜಾಗ, ವೈ ಕೆಳಗೆ ಹೋದಂತೆ ಜಾಸ್ತಿ ಆಗುತ್ತದೆ ಅನ್ನೋದಷ್ಟು ನೆನಪಿರಲಿ.

ವೇಗವನ್ನು ಲೂಪಿನ ಒಂದು ಸುತ್ತಿಗೆ ಇಷ್ಟು ಅಂತ ಬರೆಯಬೇಡಿ, ಸೆಕೆಂಡಿಗೆ ಇಷ್ಟು ಅಂತ ಬರೆಯಿರಿ. ಲೂಪ್ ಸ್ಕ್ರೀನಿನ ವೇಗಕ್ಕೆ ಓಡುತ್ತಿದ್ದರೆ, 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ಲ್ಯಾಬ್ ಮಾನಿಟರ್‌ನಲ್ಲಿ ನಡೆಯುವವನು 144 ಹರ್ಟ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡಿಬಿಡುತ್ತಾನೆ. ಸೆಕೆಂಡಿಗೆ 180 ಪಿಕ್ಸೆಲ್ ಅಂತಿಟ್ಟು, ಹಿಂದಿನ ಸುತ್ತಿಗೆ ಹಿಡಿದ ಸಮಯದಿಂದ ಗುಣಿಸಿ. ಕ್ಲಾಕ್‌ನ ಟಿಕ್ ಆ ಸಮಯವನ್ನು ಕೊಡೋದು ಮಿಲಿಸೆಕೆಂಡ್‌ನಲ್ಲಿ, 1000ದಿಂದ ಭಾಗಿಸಿ.

ಈಗ ಅಸಲು ವಿಷಯ: ಡಿಕ್ಕಿ.

ನಕ್ಷೆಗೆ ಬೇಲೂರಿನ ಚೆನ್ನಕೇಶವ ಗುಡಿಯನ್ನು ಹಿಡಿದೆ. ಹಾಸನದವರಿಗೆ ಬೇರೆ ಏನು ಹೊಳೆಯುತ್ತೆ ಹೇಳಿ! ಮೇಲಿಂದ ನೋಡುವ ಆಟ, ಆಟಗಾರ ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ಪ್ರದಕ್ಷಿಣೆ ಹಾಕಬೇಕು. 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಯ ಗೋಡೆ ನೇರವಾಗಿಲ್ಲ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮುಂದೆ ಬಂದು ಹಿಂದೆ ಸರಿಯುತ್ತದೆ. 32 ಪಿಕ್ಸೆಲ್ ಚೌಕದ ಟೈಲ್‌ಗಳಲ್ಲಿ ಜೋಡಿಸಿದರೆ ಎಲ್ಲಿ ನೋಡಿದರೂ ಮೂಲೆ. ಡಿಕ್ಕಿ ಕೋಡ್ ಸರಿ ಇದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು: ಆಟಗಾರನನ್ನು ಸರಿಸು, ಗೋಡೆಗೆ ತಾಗಿದರೆ ಹಳೇ ಜಾಗಕ್ಕೆ ವಾಪಸ್ ಇಡು. ನೇರ ಹೋದರೆ ಸರಿಯೇ. ಬಲ ಮತ್ತು ಕೆಳಗಿನ ಕೀ ಒಟ್ಟಿಗೆ ಒತ್ತಿದರೆ ಅವನು ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತಾನೆ. ಬಲಕ್ಕೆ ಗೋಡೆ ಇದೆ, ಒಪ್ಪಿಕೊಳ್ಳೋಣ. ಕೆಳಗೆ ಖಾಲಿ ಇದೆಯಲ್ವಾ? ಎರಡನ್ನೂ ಒಟ್ಟಿಗೆ ರದ್ದು ಮಾಡಿದ್ದರಿಂದ ಅದೂ ಹೋಯಿತು.

ಪರಿಹಾರ: ಎಕ್ಸ್ ಸರಿಸು, ಡಿಕ್ಕಿ ನೋಡಿ ಸರಿಪಡಿಸು. ಆಮೇಲೆ ವೈ ಸರಿಸು, ಮತ್ತೆ ಡಿಕ್ಕಿ ನೋಡಿ ಸರಿಪಡಿಸು. ಮಧ್ಯದ ಆ ಸರಿಪಡಿಸುವಿಕೆಯೇ ಎಲ್ಲ. ಅಂಕಿ ಹಾಕಿ ನೋಡಿದ ಮೇಲೇ ನನ್ನ ತಲೆಗೆ ಹೋಗಿದ್ದು.

ಆಟಗಾರ 20 × 20. ಎಕ್ಸ್ 100, ವೈ 190. ಅಂದರೆ ಬಲ ಅಂಚು 120, ಕೆಳ ಅಂಚು 210. ಗೋಡೆ ಟೈಲ್‌ನ ಎಡ ಅಂಚು 122, ಮೇಲಿನ ಅಂಚು 200. ಎರಡು ಕಡೆಗೂ 3 ಪಿಕ್ಸೆಲ್ ಹೋಗಬೇಕು.

ಎಕ್ಸ್ ಸರಿಸಿದೆವು: ಬಲ ಅಂಚು 123, ಗೋಡೆಯೊಳಗೆ 1 ಪಿಕ್ಸೆಲ್ ನುಗ್ಗಿದೆ. ಬಲಕ್ಕೆ ಹೊರಟಿದ್ದರಿಂದ ಅವನ ಬಲ ಅಂಚನ್ನು ಗೋಡೆಯ ಎಡ ಅಂಚಿಗೆ, ಅಂದರೆ 122ಕ್ಕೆ ಇಡಿ. ಈಗ ವೈ: 193 ಆಯಿತು. ಡಿಕ್ಕಿ ಇದೆಯಾ? ಬಲ ಅಂಚು 122, ಗೋಡೆಯ ಎಡವೂ 122. ತಾಗಿದ್ದಾನೆ, ಒಳಗೆ ಹೋಗಿಲ್ಲ. ಹಾಗಾಗಿ 193 ಉಳಿಯುತ್ತದೆ, ಗೋಡೆ ಸವರಿಕೊಂಡು ಕೆಳಗೆ ಜಾರುತ್ತಾನೆ.

ಇಲ್ಲೊಂದು ಚುಕ್ಕಿಯಷ್ಟು ಸಣ್ಣ ವಿಷಯ ಇಡೀ ಆಟ ಕೆಡಿಸುತ್ತದೆ. ಡಿಕ್ಕಿ ಇದೆಯಾ ಅಂತ ಅಂಚುಗಳನ್ನು ಹೋಲಿಸುವ ಕಡೆ < ಇರಬೇಕು, <= ಅಲ್ಲ. <= ಹಾಕಿದರೆ ಬರೀ ತಾಗಿದ್ದೂ ಡಿಕ್ಕಿ ಅಂತ ಲೆಕ್ಕ. ಆಗ ವೈ ಹಂತ "ಕೆಳಗೆ ಹೊರಟಿದ್ದ, ಡಿಕ್ಕಿ ಆಯಿತು" ಅಂದುಕೊಂಡು ಅವನ ಕೆಳ ಅಂಚನ್ನು ಟೈಲ್‌ನ ಮೇಲಿನ ಅಂಚಿಗೆ, 200ಕ್ಕೆ, ಎತ್ತಿ ಇಡುತ್ತದೆ. ಹೋಗಬೇಕಾದ್ದು 193ಕ್ಕೆ, ಹೋಗೋದು 180ಕ್ಕೆ. ಗೋಡೆ ಮುಟ್ಟಿದ ತಕ್ಷಣ ಆಟಗಾರ ಮೂಲೆಗೆ ಹಾರಿದರೆ ಮೊದಲು ಈ ಚಿಹ್ನೆ ನೋಡಿ. ಪೈಗೇಮ್‌ನ ಕೊಲೈಡ್‌ರೆಕ್ಟ್ ಅನ್ನುವ ಡಿಕ್ಕಿ ಪರೀಕ್ಷೆ ಬಳಸಿದರೆ ಈ ತಲೆನೋವಿಲ್ಲ, ಬರೀ ಅಂಚು ತಾಗಿದ್ದನ್ನು ಅದು ಡಿಕ್ಕಿ ಅನ್ನಲ್ಲ.

ನಕ್ಷತ್ರದ ಮೊನೆಗೆ ಓರೆಯಾಗಿ ಸರಿಯಾಗಿ ಬಂದರೆ ಎಕ್ಸ್‌ಗೆ ಮೊದಲ ಮರ್ಯಾದೆ ಸಿಗುವುದು ಕಾಣುತ್ತದೆ. ಆಡುವವರು ಯಾರೂ ಗಮನಿಸಲ್ಲ, ಬಿಡಿ.

ಓರೆ ನಡಿಗೆಯಲ್ಲಿ ವೇಗ 1.41 ಪಟ್ಟು ಆಗುತ್ತದೆ, ಎಕ್ಸ್, ವೈ ಎರಡರ ಹೆಜ್ಜೆಯನ್ನೂ 0.707ರಿಂದ ಗುಣಿಸಿ.

ಹೀಗೆ ಗುಣಿಸಿದ ಮೇಲೆ ದಶಾಂಶ ಬರುತ್ತದೆ, ಪೈಗೇಮ್‌ನ ರೆಕ್ಟ್ (ಆಟಗಾರನ ಜಾಗ, ಅಳತೆ ಹಿಡಿಯುವ ಆಯತ) ಇಟ್ಟುಕೊಳ್ಳೋದು ಪೂರ್ಣಾಂಕ ಮಾತ್ರ. 100ಕ್ಕೆ 0.6 ಕೂಡಿಸಿದರೆ 100.6, ಬಾಲ ಕತ್ತರಿಸಿ ಮತ್ತೆ 100. 100ರಲ್ಲಿ 0.6 ಕಳೆದರೆ 99.4, ಅದು 99. ನಿಧಾನ ನಡೆಯುವವನು ಎಡಕ್ಕೆ ಸಲೀಸಾಗಿ ಹೋಗುತ್ತಾನೆ, ಬಲಕ್ಕೆ ಕದಲೋದೇ ಇಲ್ಲ! ನಿಜವಾದ ಎಕ್ಸ್, ವೈ ಬೇರೆ ಇಟ್ಟುಕೊಂಡು ರೆಕ್ಟ್‌ಗೆ ನಕಲು ಮಾಡಿ. ಡಿಕ್ಕಿಯಾಗಿ ರೆಕ್ಟ್ ಸರಿಪಡಿಸಿದಾಗ ಅದನ್ನು ವಾಪಸ್ ನಕಲು ಮಾಡೋದು ಮರೆಯಬೇಡಿ. ಪೈಗೇಮ್‌ನ ಇನ್ನೊಂದು ಆವೃತ್ತಿ ಪೈಗೇಮ್-ಸಿಇಯಲ್ಲಿ ದಶಾಂಶ ಹಿಡಿಯುವ ಎಫ್‌ರೆಕ್ಟ್ ಇದೆ, ಅದೇ ಸುಲಭ.

ಕೊನೆಯದು: ವಿಂಡೋಸ್‌ನಲ್ಲಿ ವಿಂಡೋ ಹಿಡಿದು ಎಳೆದರೆ ಲೂಪ್ ನಿಲ್ಲಬಹುದು. ಅರ್ಧ ಸೆಕೆಂಡ್ ನಿಂತರೆ ಮುಂದಿನ ಸುತ್ತಿನಲ್ಲಿ 90 ಪಿಕ್ಸೆಲ್ ನೆಗೆತ, ಒಂದು ಟೈಲ್ ದಪ್ಪದ ಗೋಡೆ ದಾಟಿ ಆಟಗಾರ ನೇರ ಗರ್ಭಗುಡಿಯಲ್ಲಿ. ಸುತ್ತಿನ ಸಮಯಕ್ಕೆ 0.05 ಸೆಕೆಂಡ್ ಮಿತಿ ಹಾಕಿದರೆ 9 ಪಿಕ್ಸೆಲ್ ಮೀರಲ್ಲ. ಸೆಕೆಂಡಿಗೆ 900 ಪಿಕ್ಸೆಲ್ ಹೋಗುವ ಬಾಣ ಹಾಕುವವರಿಗೆ ಈ ಮಿತಿಯಲ್ಲೂ 45 ಆಗುತ್ತದೆ, ಸಣ್ಣ ಬಾಣಕ್ಕೆ ಟೈಲ್ ದಾಟಲು ಅಷ್ಟು ಸಾಕು. ಅಂಥವರು ಒಂದು ಹೆಜ್ಜೆಯನ್ನು ನಾಲ್ಕು ತುಂಡು ಮಾಡಿ, ತುಂಡು ತುಂಡಿಗೂ ಡಿಕ್ಕಿ ನೋಡಿ.