ಎರಡು ತಿಂಗಳಾದರೂ ಕಾಲು ನೆಟ್ಟಗಾಗಿಲ್ಲವೇ? ಮೊದಲು ಆ ದಿಂಬು ತೆಗೆಯಿರಿ

ಪ್ರಶ್ನೆ: ಮಂಡಿ ಕೀಲು ಬದಲಿಸುವ ಆಪರೇಷನ್ ಆಗಿ ಎರಡು ತಿಂಗಳಾಯಿತು. ಸಂಜೆಯಾದರೆ ಊತ, ರಾತ್ರಿ ನಿದ್ದೆ ಇಲ್ಲ, ಕಾಲು ಪೂರ್ತಿ ನೆಟ್ಟಗಾಗುತ್ತಿಲ್ಲ. ಆಪರೇಷನ್ ಫೇಲ್ ಆಯಿತಾ?

ಉತ್ತರ: ಮತ್ತೆ ಅದೇ ಪ್ರಶ್ನೆ, ಹಾಗಾಗಿ ಮತ್ತೆ ಅದೇ ಉತ್ತರ. ಇಷ್ಟಕ್ಕೇ ಫೇಲ್ ಅನ್ನಬೇಡಿ. ಹೊರಗಿನ ಹೊಲಿಗೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ನೋಡಿ ಒಳಗೂ ವಾಸಿಯಾಯಿತು ಅಂದುಕೊಳ್ಳುತ್ತೀರಿ. ಒಳಗೆ ಮೂಳೆಯ ತುದಿಗಳನ್ನೇ ಕತ್ತರಿಸಿದ್ದಾರೆ, ಮರೆಯಬೇಡಿ. ಊತ 3ರಿಂದ 6 ತಿಂಗಳು ಇರಬಹುದು. ಪೂರ್ತಿ ಹದಕ್ಕೆ ಬರಲು ಒಂದು ವರ್ಷವೂ ಹಿಡಿಯುತ್ತದೆ. ಪರಿಚಯದವರು ಯಾರೋ ಆರೇ ವಾರಕ್ಕೆ ಓಡಾಡಿದರಂತೆ. ಓಡಾಡಿರಬಹುದು. ಅವರ ರಾತ್ರಿಗಳನ್ನು ನೀವು ನೋಡಿಲ್ಲ ಅಲ್ವಾ?

ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಊತ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದರಲ್ಲಿ ಚರ್ಚೆ ಬೇಡ.

ಇನ್ನು 'ನೆಟ್ಟಗಾಗುತ್ತಿಲ್ಲ' ಎಂಬ ಮಾತಿಗೆ ಬರೋಣ. ಮಲಗುವಾಗ ಮಂಡಿ ಕೆಳಗೆ ದಿಂಬು ಇಡುತ್ತೀರಾ? ಇಡುತ್ತೀರಿ. ಎಲ್ಲರೂ ಇಡುತ್ತಾರೆ. ಬೇಡ ಅಂದರೆ 'ಹಾಯಾಗಿರುತ್ತೆ, ಅಂದಮೇಲೆ ಒಳ್ಳೆಯದೇ ತಾನೆ?' ಅನ್ನುತ್ತಾರೆ. ಅಲ್ಲ. ಊದಿದ ಕೀಲಿನೊಳಗೆ ನೀರು ತುಂಬಿರುತ್ತದೆ. ಮಂಡಿ ಸುಮಾರು 30 ಡಿಗ್ರಿ ಬಾಗಿದ್ದಾಗ ಒಳಗಿನ ಒತ್ತಡ ತೀರಾ ಕಡಿಮೆ. ಹಾಯೆನಿಸುವುದು ಅದಕ್ಕೇ, ವಾಸಿಯಾಗುತ್ತಿದೆ ಅಂತಲ್ಲ. ಒಳಗಿನ ಗಾಯ ಮಾಯುವಾಗ ನಾರಿನಂಥ ಅಂಶ ಬೆಳೆಯುತ್ತದೆ. ಕೀಲು ಯಾವ ಭಂಗಿಯಲ್ಲಿ ಜಾಸ್ತಿ ಹೊತ್ತು ಇರುತ್ತದೋ ಅದಕ್ಕೇ ಅದು ಬಿಗಿದುಕೊಳ್ಳುತ್ತದೆ. ತೊಡೆಯ ಹಿಂದಿನ ಸ್ನಾಯುವೂ ಗಿಡ್ಡವಾಗುತ್ತದೆ.

ಸ್ವಲ್ಪ ಬಾಗಿದ್ದರೆ ಏನೀಗ ಅಂತೀರಾ? ಮಂಡಿ ನೆಟ್ಟಗಿದ್ದರೆ ಮೈಭಾರವನ್ನು ಮೂಳೆಗಳೇ ಹೊರುತ್ತವೆ. ಬಾಗಿದ್ದರೆ ತೊಡೆಯ ಮುಂದಿನ ಸ್ನಾಯು ಇಡೀ ಹೊತ್ತು ಎಳೆದು ಹಿಡಿಯಬೇಕು. ಆಪರೇಷನ್ ಆದ ತಿಂಗಳಲ್ಲಿ ಅರ್ಧದಷ್ಟು ಬಲ ಕಳೆದುಕೊಂಡಿರುವುದೂ ಅದೇ ಸ್ನಾಯು. ಊತ ಇರುವವರೆಗೆ ನರಗಳೇ ಅದನ್ನು ತಡೆಹಿಡಿಯುತ್ತವೆ, ನೀವೆಷ್ಟು ಮನಸ್ಸು ಮಾಡಿದರೂ ಪೂರ್ತಿ ಬಿಗಿಯುವುದಿಲ್ಲ. ನಂಬಿಕೆ ಬರದಿದ್ದರೆ ಮನೆಯಲ್ಲಿ ಗಟ್ಟಿಮುಟ್ಟಾಗಿರುವ ಯಾರಿಗಾದರೂ ಮಂಡಿ ತುಸು ಬಗ್ಗಿಸಿ ಐದು ನಿಮಿಷ ನಿಲ್ಲಲು ಹೇಳಿ, ಮುಖ ನೋಡಿ. ನೀವು ದಿನವಿಡೀ ಹಾಗೇ ನಿಲ್ಲುತ್ತಿದ್ದೀರಿ. ಸುಸ್ತಾಗದೆ ಇನ್ನೇನು?

ಹಾಗಾಗಿ ದಿಂಬನ್ನು ಹಿಮ್ಮಡಿ ಕೆಳಗೆ ಇಡಿ. ಮಂಡಿಯ ಅಡಿ ಖಾಲಿ ಇರಲಿ. ತೊಡೆ ಬಿಗಿದು ಮಂಡಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಒಮ್ಮೆಗೆ ಐದು ಹತ್ತು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಹಿಂದೆ ಎಳೆದಂತೆ ನೋಯುತ್ತದೆ. ನನ್ನನ್ನು ಬೈಯುತ್ತಲೇ ಇದನ್ನು ಮಾಡಿದವರು ಆಮೇಲೆ ಬಂದು ನೆಟ್ಟಗೆ ನಿಂತು ತೋರಿಸಿದ್ದಾರೆ. ಬೈಗುಳಕ್ಕೆ ಅಷ್ಟು ಸಂಬಳ ಸಾಕು. ಮೂರು ತಿಂಗಳು ದಾಟಿದ ಮೇಲೆ ಬಿಗಿತ ಬಿಡಿಸುವುದು ಕಷ್ಟವಾಗುತ್ತಾ ಹೋಗುತ್ತದೆ, ಆದ್ದರಿಂದ ಈ ವಾರವೇ ಫಿಸಿಯೋ ಹತ್ತಿರ ಅಳತೆ ಮಾಡಿಸಿ. ಎಷ್ಟು ಬಗ್ಗುತ್ತೆ ಅಂತ ಮಾತ್ರ ಕೇಳಬೇಡಿ. ಸಮತಟ್ಟು ನೆಲದಲ್ಲಿ ನಡೆಯಲು 70 ಡಿಗ್ರಿ ಬಗ್ಗಿದರೆ ಸಾಕು. ನೆಟ್ಟಗಾಗಲು ಎಷ್ಟು ಬಾಕಿ ಇದೆ ಅಂತ ಕೇಳಿ.

ನೀವು ಕೇಳದ ಇನ್ನೊಂದು ವಿಷಯ. ಗಾಯದ ಹೊರಮಗ್ಗುಲಲ್ಲಿ ಚರ್ಮ ಮರಗಟ್ಟಿದೆಯಾ? ಹೆದರಬೇಡಿ. ಮಂಡಿಯ ಮುಂದೆ ಉದ್ದಕ್ಕೆ ಕೊಯ್ದಾಗ ಚರ್ಮಕ್ಕೆ ಹೋಗುವ ಸಣ್ಣ ನರದ ಕವಲು ತುಂಡಾಗುತ್ತದೆ, ಅದನ್ನು ತಪ್ಪಿಸುವುದು ಕಷ್ಟ. ಆ ಜಾಗ ತಿಂಗಳುಗಳಲ್ಲಿ ಕಿರಿದಾಗುತ್ತದೆ. ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ನಡೆಯಲು ಅದರಿಂದ ಏನೂ ತೊಂದರೆ ಇಲ್ಲ. ಆದರೆ ಐಸ್ ಇಡುವಾಗ ನೆನಪಿರಲಿ, ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ನಡುವೆ ಬಟ್ಟೆ ಹಾಕಿ, 15-20 ನಿಮಿಷಕ್ಕೆ ತೆಗೆಯಿರಿ.