ಮೊದಲ ಪೀಕ್ 4.9 ವೋಲ್ಟ್‌ಗೇ ಯಾಕೆ ಬರುವುದಿಲ್ಲ?

ಪ್ರಶ್ನೆ: ಫ್ರಾಂಕ್-ಹರ್ಟ್ಸ್ ಪ್ರಯೋಗದಲ್ಲಿ ಪಾದರಸದ ಮೊದಲ ಪೀಕ್ 4.9 ವೋಲ್ಟ್‌ಗೆ ಬರಬೇಕಲ್ವಾ? ನಮಗೆ ಬೇರೆ ಕಡೆ ಬಂತು. ಟ್ಯೂಬ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಈ ಪ್ರಯೋಗದಲ್ಲಿ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ವೋಲ್ಟೇಜ್ ಕೊಟ್ಟು, ಪಾದರಸದ ಆವಿಯ ಮೂಲಕ ಗ್ರಿಡ್ ಎಂಬ ಜಾಲರಿಯತ್ತ ಓಡಿಸುತ್ತೇವೆ. ವೋಲ್ಟೇಜ್ ಏರಿಸಿದಂತೆ ಕರೆಂಟ್ ಏರುತ್ತದೆ. ಎಲೆಕ್ಟ್ರಾನಿಗೆ 4.9 ಎಲೆಕ್ಟ್ರಾನ್ ವೋಲ್ಟ್ (4.9 ವೋಲ್ಟ್ ದಾಟಿದಾಗ ಸಿಗುವ ಶಕ್ತಿ) ಬಂದಾಗಲೆಲ್ಲ ಪಾದರಸದ ಪರಮಾಣು ಅದನ್ನು ನುಂಗುತ್ತದೆ, ಕರೆಂಟ್ ಇಳಿಯುತ್ತದೆ. ಹೀಗೆ ಏರಿ ಇಳಿಯುವ ತುದಿಯೇ ಪೀಕ್. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ. ಮೊದಲ ಪೀಕ್ ಎಲ್ಲಿದೆ ಅನ್ನುವುದನ್ನು ಬಿಡಿ, ಪೀಕಿನಿಂದ ಪೀಕಿಗೆ ಎಷ್ಟು ಅಂತರ ಇದೆ ನೋಡಿ. ಅದು 4.9ರ ಹತ್ತಿರ ಇದ್ದರೆ ಪ್ರಯೋಗ ಸರಿಯಾಗಿದೆ.

ಆದರೂ ‘ಮೊದಲನೆಯದು 4.9ಕ್ಕೇ ಬರಬೇಕು’ ಅನ್ನುವ ನಂಬಿಕೆ ಮಹಾ ಹಠಮಾರಿ. ಅದಕ್ಕಾಗಿ ರೀಡಿಂಗನ್ನೇ ತಿದ್ದಿ ರೆಕಾರ್ಡ್ ಬರೆಯುವವರಿದ್ದಾರೆ. (ನಮಗೆ ಗೊತ್ತಾಗುತ್ತದೆ.) ಮೀಟರ್ ತೋರಿಸುವುದು ನೀವು ಹೊರಗಿನಿಂದ ಕೊಟ್ಟ ವೋಲ್ಟೇಜ್ ಮಾತ್ರ. ಕ್ಯಾಥೋಡ್ ಒಂದು ವಸ್ತು, ಗ್ರಿಡ್ ಇನ್ನೊಂದು ಲೋಹ. ಎರಡರ ವರ್ಕ್ ಫಂಕ್ಷನ್, ಅಂದರೆ ಅದರಿಂದ ಎಲೆಕ್ಟ್ರಾನನ್ನು ಹೊರಗೆಳೆಯಲು ಬೇಕಾದ ಶಕ್ತಿ, ಬೇರೆ ಬೇರೆ. ಹಾಗಾಗಿ ಅವುಗಳ ನಡುವೆ ತಾನಾಗಿಯೇ ಒಂದು ಕಾಂಟ್ಯಾಕ್ಟ್ ಪೊಟೆನ್ಶಿಯಲ್ (ಮೀಟರಿಗೆ ಕಾಣದ ವೋಲ್ಟೇಜ್) ಇರುತ್ತದೆ. ಎಲ್ಲ ಪೀಕ್‌ಗಳೂ ಅಷ್ಟೇ ದೂರ ಪಕ್ಕಕ್ಕೆ ಸರಿಯುತ್ತವೆ. ತುದಿ ಮುರಿದ ಸ್ಕೇಲಿನಲ್ಲೂ 3ರಿಂದ 8ರವರೆಗೆ ಅಳೆದರೆ 5 ಸೆಂಟಿಮೀಟರ್ ಸಿಗುತ್ತದಲ್ಲ, ಹಾಗೆಯೇ ಒಂದು ಪೀಕಿನಿಂದ ಇನ್ನೊಂದನ್ನು ಕಳೆದರೆ ಆ ಸರಿತ ಬಿದ್ದುಹೋಗುತ್ತದೆ. ಕೆಲವರು ನಾಲ್ಕನೇ ಪೀಕಿನ ವೋಲ್ಟೇಜನ್ನು ಸುಮ್ನೆ ನಾಲ್ಕರಿಂದ ಭಾಗಿಸುತ್ತಾರೆ. ಆಗ ಸರಿತದ ಕಾಲು ಭಾಗ ಉತ್ತರದಲ್ಲೇ ಉಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಅಂತರವೂ ಪೂರ್ತಿ ಸಮ ಇರುವುದಿಲ್ಲ, ಮುಂದೆ ಹೋದಂತೆ ಚೂರು ಜಾಸ್ತಿಯಾಗುತ್ತದೆ. 4.9 ಎಲೆಕ್ಟ್ರಾನ್ ವೋಲ್ಟ್ ದಾಟಿದ ಎಲೆಕ್ಟ್ರಾನ್ ಪರಮಾಣುವಿಗೆ ಡಿಕ್ಕಿ ಹೊಡೆಯುವಷ್ಟರಲ್ಲಿ ಇನ್ನೊಂದಿಷ್ಟು ಶಕ್ತಿ ಗಳಿಸಿರುತ್ತದೆ, ಅದಕ್ಕೆ. ಇನ್ನು, ನಿಮ್ಮ ಲ್ಯಾಬಿನ ಟ್ಯೂಬಿನಲ್ಲಿ ಪಾದರಸವೇ ಇದೆಯಾ ನೋಡಿಕೊಳ್ಳಿ. ಪಾದರಸದ ಟ್ಯೂಬನ್ನು ಓವನ್ನಿನಲ್ಲಿ ಬಿಸಿ ಮಾಡಬೇಕು. ಆರ್ಗಾನಿಗೆ ಅದು ಬೇಡ, ಆದರೆ ಅಂತರ ಸುಮಾರು 11.5 ವೋಲ್ಟ್. ಅದರಲ್ಲಿ 4.9 ಹುಡುಕಿದರೆ ಸಿಗುವುದಿಲ್ಲ!

ಪಾದರಸ ನುಂಗಿದ ಆ 4.9 ಎಲೆಕ್ಟ್ರಾನ್ ವೋಲ್ಟ್ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಸುಮಾರು 254 ನ್ಯಾನೋಮೀಟರಿನ ಅತಿನೇರಳೆ ಬೆಳಕಾಗಿ ಹೊರಬರುತ್ತದೆ. 1914ರಲ್ಲಿ ಬರ್ಲಿನ್ನಿನಲ್ಲಿ ಜೇಮ್ಸ್ ಫ್ರಾಂಕ್, ಗುಸ್ಟಾವ್ ಹರ್ಟ್ಸ್ ಇದನ್ನೂ ಹಿಡಿದರು. ಮಾಮೂಲಿ ಗಾಜು ಈ ಬೆಳಕನ್ನು ತಡೆಯುತ್ತದೆ, ಹಾಗಾಗಿ ಕ್ವಾರ್ಟ್ಸ್ ಬಳಸಿದರು. ಹಳೆಯ ಟ್ಯೂಬ್‌ಲೈಟಿನೊಳಗೆ ಹುಟ್ಟುವುದೂ ಮುಖ್ಯವಾಗಿ ಇದೇ ಬೆಳಕು. ಒಳಗೆ ಬಳಿದ ಬಿಳಿ ಪುಡಿ ಅದನ್ನು ನಮ್ಮ ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ತಮಾಷೆಯೆಂದರೆ, 4.9 ಅನ್ನುವುದು ಪಾದರಸದ ಅಯಾನೀಕರಣದ ಶಕ್ತಿ (ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ) ಎಂದೇ ಅವರಿಬ್ಬರು ಮೊದಲು ತಿಳಿದಿದ್ದರು. 1915ರಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಅದನ್ನು ಒಪ್ಪಲಿಲ್ಲ. ವೈವಾದಲ್ಲಿ ಕೇಳಿದರೆ ಹೇಳಿ: ಅಯಾನೀಕರಣಕ್ಕೆ 10.4 ಎಲೆಕ್ಟ್ರಾನ್ ವೋಲ್ಟ್ ಬೇಕು.