ಬಾಲದ ಹೆಲ್ಮೆಟ್ ಬೆನ್ನಿಗೆ ಹೊಂದಬೇಕು

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸೈಕಲ್ ಪಂದ್ಯ) ಸವಾರನ ಶಕ್ತಿಯಲ್ಲಿ ಸುಮಾರು ಶೇ 90 ಭಾಗವನ್ನು ಗಾಳಿಯೇ ನುಂಗುತ್ತದೆ. ಚೆನ್ನಾಗಿ ಬಾಗಿ ಕೂತವರಿಗೂ ಅದೊಂದಕ್ಕೇ 350 ವ್ಯಾಟ್ ಆಸುಪಾಸು ಬೇಕು. ಗಾಳಿಯ ಎಳೆತ ಶೇ 2ರಷ್ಟು ಇಳಿದರೆ 7 ವ್ಯಾಟ್ ಉಳಿಯುತ್ತದೆ; 40 ಕಿ.ಮೀ. ಪಂದ್ಯದಲ್ಲಿ ಅದು 15ರಿಂದ 20 ಸೆಕೆಂಡ್. ಹೆಲ್ಮೆಟ್ ಬದಲಿಸಿ ಇಷ್ಟು ಗಳಿಸಬಹುದು, ಇಷ್ಟೇ ಕಳೆದುಕೊಳ್ಳಲೂಬಹುದು.

ತೊಂದರೆ ಇರುವುದು ತಲೆಯ ಮುಂದೆ ಅಲ್ಲ, ಹಿಂದೆ. ದುಂಡನೆಯ ತಲೆಯನ್ನು ಬಳಸಿ ಬಂದ ಗಾಳಿ ಹಿಂಬದಿಯಲ್ಲಿ ಮೈಬಿಟ್ಟು ಸುಳಿಯಾಗುತ್ತದೆ. ಅಲ್ಲಿ ಒತ್ತಡ ಕುಸಿದು ಸವಾರನನ್ನು ಹಿಂದಕ್ಕೆ ಜಗ್ಗುತ್ತದೆ. ಉದ್ದ ಬಾಲದ ಹೆಲ್ಮೆಟ್ ಆ ಜಾಗ ತುಂಬಿ, ಗಾಳಿಯನ್ನು ನಯವಾಗಿ ಬೆನ್ನಿಗೆ ದಾಟಿಸುತ್ತದೆ. ಆದರೆ ಬಾಲದ ತುದಿ ಬೆನ್ನಿಗೆ ಒತ್ತಾಗಿ ಇದ್ದರೆ ಮಾತ್ರ. ಸುಸ್ತಾದವರು ಕತ್ತು ಬಗ್ಗಿಸಿ ನೆಲ ನೋಡಿದ ಕೂಡಲೇ ಬಾಲ ನೆಟ್ಟಗೆ ಮೇಲೇಳುತ್ತದೆ. ಎದುರುಗಾಳಿಗೆ ಸಿಗುವ ಮೈ ಹೆಚ್ಚುತ್ತದೆ, ಬಾಲದ ಹಿಂದೆ ಹೊಸ ಸುಳಿಯೂ ಏಳುತ್ತದೆ. ಅಡ್ಡಗಾಳಿ ಬೀಸಿದರೆ ಉದ್ದ ಬಾಲ ಕತ್ತನ್ನೂ ತಿರುಚುತ್ತದೆ. ಮೋಟು ಬಾಲದವು ಬಂದದ್ದು ಇದಕ್ಕೇ: ತಲೆ ಅತ್ತಿತ್ತ ಆಡಿದರೂ ನಷ್ಟ ಕಡಿಮೆ.

1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲಮಾಂಡ್ ಬಾಲದ ಹೆಲ್ಮೆಟ್ ತೊಟ್ಟು, ಬರಿತಲೆಯ ಲಾರೆಂಟ್ ಫಿನ್ಯೋಗಿಂತ 24.5 ಕಿ.ಮೀ.ಯಲ್ಲಿ 58 ಸೆಕೆಂಡ್ ಬೇಗ ಮುಗಿಸಿ, ಒಟ್ಟಾರೆ 8 ಸೆಕೆಂಡ್‌ಗಳಿಂದ ಗೆದ್ದರು. ಶ್ರೇಯಸ್ಸೆಲ್ಲ ಹೆಲ್ಮೆಟ್‌ಗೆ ಸಲ್ಲದು; ಅವರ ಸೈಕಲ್ಲಿಗೆ ಕೈಗಳನ್ನು ಮುಂದೆ ಚಾಚಿ ಬಾಗಿ ಕೂರಲು ನೆರವಾಗುವ ಏರೋ ಬಾರ್ ಕೂಡ ಇತ್ತು.

ಈಚಿನ ಅಗಲವಾದ ಹೆಲ್ಮೆಟ್‌ಗಳು ಗಾಳಿಯನ್ನು ಭುಜದ ಆಚೆಗೆ ಸರಿಸಲು ನೋಡುತ್ತವೆ. ತಲೆಯನ್ನು ಭುಜಗಳ ನಡುವೆ ಹುದುಗಿಸಿಕೊಳ್ಳಬಲ್ಲವರಿಗೆ ಅದು ಒಪ್ಪುತ್ತದೆ, ಕತ್ತು ಎತ್ತಿ ಕೂರುವವರಿಗೆ ಬರಿ ಭಾರ. ಹಾಗಾಗಿ ತಂಡದ ಗೆಳೆಯನಿಗೆ ವೇಗ ತಂದ ಹೆಲ್ಮೆಟ್ಟು ನಿಮ್ಮನ್ನು ನಿಧಾನ ಮಾಡಿದರೆ ಆಶ್ಚರ್ಯವೇನಿಲ್ಲ.

ಗಾಳಿ ಹಾಯಿಸಿ ಎಳೆತ ಅಳೆಯುವ ವಿಂಡ್ ಟನಲ್ ಇಲ್ಲದಿದ್ದರೂ, ತುಳಿತದ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ತೋರಿಸುವ ಪವರ್ ಮೀಟರ್ ಇದ್ದರೆ, ಒಂದೇ ವೇಗಕ್ಕೆ ಯಾವ ಹೆಲ್ಮೆಟ್ಟಿನಲ್ಲಿ ಎಷ್ಟು ವ್ಯಾಟ್ ಬೇಕೆಂದು ಪರೀಕ್ಷಿಸಬಹುದು. ವೆಲೊಡ್ರೋಮ್ (ಸೈಕಲ್ ಪಂದ್ಯದ ಸುತ್ತುಟ್ರ್ಯಾಕ್) ಉತ್ತಮ, ಇಲ್ಲದಿದ್ದರೆ ಗಾಳಿ ನಿಂತ ಮುಂಜಾನೆ, ವಾಹನಗಳಿಲ್ಲದ ಸುತ್ತುಹಾದಿ. ಅದೇ ಬಟ್ಟೆ, ಟೈರಿನಲ್ಲಿ ಅದೇ ಒತ್ತಡ. ಮೊದಲು ಹಳೆಯದು, ಆಮೇಲೆ ಎರಡು ಸಲ ಹೊಸದು, ಕೊನೆಗೆ ಮತ್ತೆ ಹಳೆಯದು. ಹಳೆಯದರ ಎರಡು ಓಟಗಳೇ ತಾಳೆಯಾಗದಿದ್ದರೆ ಆ ದಿನದ ಲೆಕ್ಕ ಬಿಟ್ಟುಬಿಡಿ. ಪ್ರತಿ ಓಟದ ಉಷ್ಣಾಂಶವನ್ನೂ ಬರೆದಿಡಿ: ಬಿಸಿಲೇರಿ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಗಾಳಿ ಶೇ 1ರಷ್ಟು ತೆಳುವಾಗುತ್ತದೆ, ಆ ಲಾಭ ಹೆಲ್ಮೆಟ್‌ನ ಖಾತೆಗೆ ಸೇರಿಬಿಡುತ್ತದೆ.